ನಾಲ್ಕನ್ನೂ ಒಟ್ಟಿಗೆ ಸಂತೆಗೆ ಹೊಡೆಯಬೇಡ, ಮಂಜು

ಮಂಜು,

ಮಳೆಯಿಲ್ಲ, ಮೇವಿಲ್ಲ, ದಲ್ಲಾಳಿ ಅರ್ಧ ಬೆಲೆಗೆ ಕೇಳಿದರೂ ನಾಲ್ಕು ದನವನ್ನೂ ಮಾರಿಬಿಡ್ತೀನಿ ಅಂದೆಯಲ್ಲ, ಅದು ಬೇಡ ಅಂತ ಹೇಳೋಕೇ ಈ ಪತ್ರ. ಫೋನಲ್ಲಾದರೆ ನೀನು ಮಧ್ಯದಲ್ಲೇ ಬಾಯಿ ಹಾಕ್ತೀಯ. ಇಲ್ಲಿ ಹಾಕಿದರೆ ಇದೇ ಯೋಚನೆಯಲ್ಲಿರುವ ಬೇರೆಯವರೂ ಓದಬಹುದು.

ದಲ್ಲಾಳಿ ಅರ್ಧ ಬೆಲೆಗೆ ಕೇಳಿದ ಅಂದರೆ ನಿನ್ನ ದನ ಕೆಟ್ಟಿದೆ ಅಂತಲ್ಲ. ಗೋಮಾಳದಲ್ಲಿ ಹುಲ್ಲು ಒಣಗಿರೋದು ನಿನ್ನೊಬ್ಬನಿಗಲ್ಲ, ಸುತ್ತಲಿನ ಊರಿಗೆಲ್ಲ. ಎಲ್ಲರೂ ಒಟ್ಟಿಗೆ ಹಗ್ಗ ಹಿಡಿದು ಬರುತ್ತಾರೆ, ಕೊಳ್ಳೋರಿಗೆ ಮೇಯಿಸೋ ಜಾಗವಿಲ್ಲ, ಅದೇ ಹೊತ್ತಿಗೆ ರಾಗಿಹುಲ್ಲು ತುಟ್ಟಿಯಾಗಿರುತ್ತದೆ. ದಲ್ಲಾಳಿ ಮೊದಲು ವಯಸ್ಸು ತಿಳಿಯೋಕೆ ಹಲ್ಲು ನೋಡ್ತಾನೆ, ಆಮೇಲೆ ಸೊಂಟದ ಮೂಳೆ ಎದ್ದಿದೆಯಾ ಅಂತ ಕೈಯಾಡಿಸ್ತಾನೆ, ಕೊನೆಗೆ ಬೇರೆಯವರಿಗೆ ಕಾಣದಂತೆ ಟವೆಲ್ ಕೆಳಗೆ ಬೆರಳು ಒತ್ತಿ ಬೆಲೆ ಹೇಳ್ತಾನೆ. ಮೂಳೆ ಎದ್ದಷ್ಟೂ ಬೆಲೆ ಇಳಿಯುತ್ತದೆ. ಮಾರೋದೇ ಆದರೆ ದನ ಮೈತುಂಬಿಕೊಂಡಿರುವಾಗಲೇ ಮಾರು, ಕೊನೆಗಳಿಗೆಗೆ ಬಿಡಬೇಡ.

ಒಟ್ಟು ಎಷ್ಟು ಮಳೆ ಬಿತ್ತು ಅನ್ನೋದಕ್ಕಿಂತ ಯಾವಾಗ ಬಿತ್ತು ಅನ್ನೋದೇ ಮುಖ್ಯ. 2023ರ ಆಗಸ್ಟ್ ನೆನಪಿದೆಯಾ? ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ನಮ್ಮ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು, ಮುಂದಿನ ಬೇಸಿಗೆಯಲ್ಲಿ ನಾವು ಬೆಂಗಳೂರಿನವರು ಟ್ಯಾಂಕರ್ ಹಿಂದೆ ಓಡಿದೆವು. ಹುಲ್ಲು ಚಿಗುರಬೇಕಾದ ಹೊತ್ತಲ್ಲಿ ಮಳೆ ಕೈಕೊಟ್ಟರೆ ಆಮೇಲೆ ಎಷ್ಟು ಸುರಿದರೂ ಮೇವು ಅಷ್ಟಕ್ಕಷ್ಟೇ.

ಆಸ್ಟ್ರೇಲಿಯಾದ್ದನ್ನೂ ನೋಡು. ಅಲ್ಲಿ ಸಾಕೋದು ಮಾಂಸಕ್ಕೆ, ನಮ್ಮ ಲೆಕ್ಕ ಬೇರೆ, ಆದರೂ ಸಂತೆಯ ಬುದ್ಧಿ ಒಂದೇ. 2019ರವರೆಗಿನ ಬರದಲ್ಲಿ ಹಸುಗಳನ್ನೂ ಬಿಡದೆ ಮಾರಿದರು, 2020ರಿಂದ ಮಳೆ ಚೆನ್ನಾಗಿ ಬಂದಾಗ ಎಲ್ಲರೂ ಕೊಳ್ಳೋಕೆ ಮುಗಿಬಿದ್ದು 2022ರ ಜನವರಿಯಲ್ಲಿ ಎಳೆ ದನದ ಮಾಂಸದ ತೂಕಕ್ಕೆ ಕಿಲೋಗೆ 1,100 ಸೆಂಟ್, ಅಂದರೆ ಅವರ 11 ಡಾಲರ್, ದಾಟಿತು. 2023ರ ಅಕ್ಟೋಬರ್ ಹೊತ್ತಿಗೆ ಅದೇ ಬೆಲೆ 400 ಸೆಂಟ್‌ಗಿಂತ ಕೆಳಗೆ. ಮಂದೆ ಜಾಸ್ತಿಯಾಗಿತ್ತು ನಿಜ, ಆದರೆ ಎಲ್ ನಿನೋ, ಅಂದರೆ ಶಾಂತಸಾಗರ ಬಿಸಿಯಾಗಿ ಅಲ್ಲಿ ಮಳೆ ಕಮ್ಮಿಯಾಗೋ ಸ್ಥಿತಿ, ಬರುತ್ತೆ ಅನ್ನೋ ಭಯವೂ ಜೊತೆಗೆ ಸೇರಿತ್ತು. ವರ್ಷದ ಕೊನೆಗೆ ಮಳೆ ಬಂತು, ಬೆಲೆ ಮತ್ತೆ ಏರಿತು. ಹೆದರಿ ಮಾರಿದವನಿಗೆ ಏನು ಸಿಕ್ಕಿತು ಹೇಳು?

ಮಳೆ ಒಂದು ವಾರದಲ್ಲಿ ಬರಬಹುದು. ಕರು ಹಾಗೆ ಬರಲ್ಲ ಅಲ್ವಾ, ಹಸು ಒಂಬತ್ತು ತಿಂಗಳು ಹೊರಬೇಕು, ಆ ಕರು ಬೆಳೆಯೋಕೆ ಮತ್ತೆ ವರ್ಷಗಟ್ಟಲೆ ಬೇಕು. ಆಗ ನೀನೇ ಸಂತೆಗೆ ಹೋಗಿ ದುಪ್ಪಟ್ಟು ಕೊಟ್ಟು ತರಬೇಕಾಗುತ್ತದೆ.

ಬಾಯಿಗೂಡಿದ, ಅಂದರೆ ಹಲ್ಲೆಲ್ಲ ಬಂದು ವಯಸ್ಸಾದ ಎತ್ತನ್ನೂ ಆ ಹೋರಿಗರುವನ್ನೂ ಈಗಲೇ ಕೊಡು. ಗಬ್ಬವಾಗಿರೋ ಎರಡು ಹಸು ಮಾತ್ರ ಮುಟ್ಟಬೇಡ. ಹುಲ್ಲಿಗೆ ದುಡ್ಡು ಸಾಲದಿದ್ದರೆ ಒಂದು ಲೋಡಿಂದು ನಾನು ಕಳಿಸ್ತೀನಿ, ಮಳೆಯಾದ ಮೇಲೆ ಕೊಡುವಂತೆ. ಸಂತೆಗೆ ಮುಂಚೆ ಒಂದು ಮಾತು ಹೇಳು.

ನಿನ್ನ,
ರವಿ