ಕಾವಲುಗಾರನ ಹೆಸರೇನು?

ಕೋಲಾರ

ಚಿರಂಜೀವಿ ಮಗಳಿಗೆ,

ಆಶೀರ್ವಾದಗಳು. ನಿನ್ನ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ಬರೀ ಓದುಗನಾಗಿ ಓದಿದೆ, ರಾತ್ರಿ ಒಂದು ಗಂಟೆಯವರೆಗೂ ದೀಪ ಆರಿಸಲಿಲ್ಲ. ಎರಡನೆಯ ಸಲ ಓದಿದ್ದು ಆಯುಷ್ಯವೆಲ್ಲ ಕೋರ್ಟಿನ ಕಡತ ಕಟ್ಟಿ ಬಿಚ್ಚಿದ ಶಿರಸ್ತೇದಾರ. ಅವನ ತಕರಾರುಗಳೇ ಈ ಪತ್ರದಲ್ಲಿ ಹೆಚ್ಚು.

ಕಥೆಗೆ 2023ರ ಜುಲೈ ತಿಂಗಳನ್ನು ಆರಿಸಿಕೊಂಡೆಯಲ್ಲ, ಅಲ್ಲಿಗೇ ಅರ್ಧ ಗೆದ್ದೆ. ದರವಿಲ್ಲದೆ ರಸ್ತೆ ಬದಿಗೆ ಸುರಿದು ಹೋಗುವ ಟೊಮೆಟೊ ನಮ್ಮ ಮಂಡಿಯಲ್ಲಿ ಹದಿನೈದು ಕೆ.ಜಿ. ಬಾಕ್ಸ್‌ಗೆ ಎರಡು ಸಾವಿರ ರೂಪಾಯಿ ದಾಟಿತು. ತೋಟಗಳಿಗೆ ರಾತ್ರಿ ಕಾವಲು ಬಂತು. ಆ ಕಾಲದಲ್ಲಿ ಕಾವಲುಗಾರನೊಬ್ಬ ಸಾಯುವುದು, ಅಣ್ಣ ಮಾಡಿದ ಕೊಲೆಯನ್ನು ತಮ್ಮನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುವುದು, ನಂಬುವಂಥ ಕಥೆಯೇ.

ಮೂರನೆಯ ಅಧ್ಯಾಯದಲ್ಲಿ ಬರುವ ಅಂಗಿಯ ಪ್ರಸಂಗವನ್ನು ನಾನು ಬರೆದಿದ್ದರೆ ಎಂದು ಹೊಟ್ಟೆಕಿಚ್ಚುಪಟ್ಟೆ. ಟೊಮೆಟೊ ಬಿಡಿಸಿದವರ ಕೈ ಹಸಿರುಗಪ್ಪಾಗುತ್ತದೆ, ಸೋಪು ಹಾಕಿದರೆ ನೀರು ಹಳದಿಗೆ ತಿರುಗುತ್ತದೆ. ಇದು ಬಿಡಿಸಿದವರಿಗಷ್ಟೇ ಗೊತ್ತು. ತಾಯಿ ದೊಡ್ಡ ಮಗನ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ ನೀರು ಹಳದಿಯಾಗಲಿ ಎಂದು ಕಾಯುತ್ತಾಳೆ. ಆಗುವುದಿಲ್ಲ. ಏನೂ ಕೇಳದೆ ಆ ನೀರು ಚೆಲ್ಲಿ ಇನ್ನೊಂದು ಬಕೆಟ್ ನೀರು ತರಲು ಹೋಗುತ್ತಾಳೆ. ಇಷ್ಟು ಬರೆದವಳು, ನಲವತ್ತು ಪುಟ ಕಳೆದ ಮೇಲೆ ಅದೇ ತಾಯಿಯಿಂದ ರಕ್ತಸಂಬಂಧದ ಬಗ್ಗೆ ಒಂದೂವರೆ ಪುಟ ಭಾಷಣ ಏಕೆ ಮಾಡಿಸಿದೆ? ಪೂರ್ತಿ ಹೊಡೆದುಹಾಕಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಇನ್ನು ಕಾನೂನು. ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ ಹಾಕಿಸಿದ್ದೀಯ. ಆ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ನಿನ್ನ ಕೊಲೆ ಅದಕ್ಕೂ ಒಂದು ವರ್ಷ ಹಿಂದಿನದು, ಹಳೆಯ ಭಾರತೀಯ ದಂಡ ಸಂಹಿತೆಯ, ಅಂದರೆ ಐಪಿಸಿಯ, 302 ಎಂದೇ ಇರಬೇಕು. ಇದು ತಿದ್ದಿದರೆ ಮುಗಿಯುವ ತಪ್ಪು. ಅದೇ ಹಳೆಯ ಸಂಹಿತೆಯ 212ನೇ ಕಲಂ ಇದೆ ನೋಡು, ಅದು ನಿನಗೆ ಒಂದು ಅಧ್ಯಾಯವನ್ನೇ ಕೊಡಬಲ್ಲದು. ಅಪರಾಧಿಯನ್ನು ಅಡಗಿಸಿಡುವುದು ಅಪರಾಧ. ಆದರೆ ಗಂಡನನ್ನು ಹೆಂಡತಿ ಅಡಗಿಸಿಟ್ಟರೆ ಆ ಕಲಂ ಅವಳನ್ನು ಮುಟ್ಟುವುದಿಲ್ಲ. ತಾಯಿಗೆ ಈ ವಿನಾಯಿತಿ ಇಲ್ಲ, ಒಡಹುಟ್ಟಿದವರಿಗೂ ಇಲ್ಲ. ನಿನ್ನ ಕಾದಂಬರಿಯಲ್ಲಿ ಅತ್ತೆ ಸೊಸೆ ಇಬ್ಬರೂ ಅಟ್ಟದ ಮೇಲೆ ಅಡಗಿದ್ದ ಅಣ್ಣನಿಗೆ ಒಂದೇ ತಟ್ಟೆಯಲ್ಲಿ ಮುದ್ದೆ ಕಳಿಸುತ್ತಾರೆ. ಒಬ್ಬಳನ್ನು ಕಾನೂನು ಬಿಡುತ್ತದೆ, ಇನ್ನೊಬ್ಬಳನ್ನು ಹಿಡಿಯುತ್ತದೆ. ಊರಿನ ವಕೀಲನೊಬ್ಬ ಇದನ್ನು ಹೇಳಿಹೋದ ರಾತ್ರಿ ಆ ಅಡುಗೆಮನೆಯಲ್ಲಿ ಯಾರು ಯಾರ ಮುಖ ನೋಡುತ್ತಾರೆ? ಅಂಗಿ ಒಗೆದದ್ದು ಮಾತ್ರ 201, ಸಾಕ್ಷ್ಯನಾಶ. ಅಲ್ಲಿ ಹೆಂಡತಿಗೂ ರಿಯಾಯಿತಿ ಇಲ್ಲ.

ಕೊನೆಯ ಅಧ್ಯಾಯಕ್ಕೆ ಬರುತ್ತೇನೆ. ಅಣ್ಣ ಕುರುಡುಮಲೆ ಗಣಪನ ಮುಂದೆ ಅತ್ತು, ನೇರವಾಗಿ ಠಾಣೆಗೆ ಹೋಗಿ ಇನ್‌ಸ್ಪೆಕ್ಟರ ಮುಂದೆ ತಪ್ಪೊಪ್ಪಿಕೊಳ್ಳುತ್ತಾನೆ. ಮಾರನೆಯ ಬೆಳಿಗ್ಗೆ ತಮ್ಮನು ಬಿಡುಗಡೆಯಾಗಿ ಮನೆಗೆ ಬರುತ್ತಾನೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಆರೋಪಿಯ ವಿರುದ್ಧ ಸಾಕ್ಷ್ಯವೆಂದು ಒಪ್ಪುವುದಿಲ್ಲ, ಮಗಳೇ. ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕು. ಅವರು ಮೊದಲೇ ಎಚ್ಚರಿಸುತ್ತಾರೆ: ಹೇಳಲೇಬೇಕೆಂದಿಲ್ಲ, ಹೇಳಿದರೆ ಅದು ನಿನ್ನ ವಿರುದ್ಧವೇ ಬಳಕೆಯಾಗಬಹುದು. ಯೋಚಿಸಲು ಸಮಯವನ್ನೂ ಕೊಡುತ್ತಾರೆ. ಗಣಪನ ಮುಂದೆ ಬಂದ ಅಳು ಆ ಸಮಯದಲ್ಲೂ ಉಳಿದಿರುತ್ತದೆಯೇ? ಅದನ್ನು ಬರೆ.

ಆದರೆ ನನಗೆ ನಿದ್ದೆ ಕೆಡಿಸಿದ್ದು ಇದಲ್ಲ. ಸರ್ವೀಸಿನಲ್ಲಿದ್ದಾಗ ನಾನು ಕೋಲಾರಕ್ಕೆ ಬರುತ್ತಿದ್ದ ದಾರಿಯಲ್ಲಿ ಒಂದು ಊರಿತ್ತು. ಅಲ್ಲೊಂದು ಕೊಲೆಯಾಗಿತ್ತು. ಊರಿಗೆ ಬೆಳಗಿನ ಹೊತ್ತು ಇದ್ದದ್ದು ಒಂದೇ ಬಸ್ಸು. ಕೋರ್ಟಿನ ವಾಯಿದೆಯ ದಿನ ಸತ್ತವನ ತಾಯಿಯೂ ಆರೋಪಿಯ ತಾಯಿಯೂ ಅದರಲ್ಲೇ ಬರಬೇಕು. ಒಬ್ಬರು ಮುಂದೆ, ಒಬ್ಬರು ಹಿಂದೆ. ಒಂದು ದಿನ ಬಸ್ಸು ತುಂಬಿತ್ತು. ಸತ್ತವನ ತಾಯಿ ಕಂಬಿ ಹಿಡಿದು ನಿಂತಿದ್ದಳು. ಆರೋಪಿಯ ತಾಯಿ ಎದ್ದು, ಸೆರಗಿನಿಂದ ಸೀಟು ಒರೆಸಿ, ಪಕ್ಕಕ್ಕೆ ಸರಿದಳು. ಅವಳು ಕೂರಲಿಲ್ಲ. ಇವಳು ಮತ್ತೆ ಕೂರಲಿಲ್ಲ. ಅಷ್ಟು ಜನ ಜೋತಾಡುತ್ತಿದ್ದರೂ ಕೋಲಾರದ ಬಸ್ ನಿಲ್ದಾಣದವರೆಗೆ ಆ ಸೀಟು ಖಾಲಿಯಾಗಿಯೇ ಬಂತು. ಕಂಡಕ್ಟರ್ ಕೂಡ ಯಾರಿಗೂ ಕೂರಿ ಎನ್ನಲಿಲ್ಲ.

ನಿನ್ನ ಕಾದಂಬರಿಯಲ್ಲಿ ಆ ಸೀಟಿಲ್ಲ. ಅಣ್ಣ ತಮ್ಮನ ಋಣ ತೀರಿಸುತ್ತಾನೆ, ತಮ್ಮ ತಾಯಿಯ ಋಣ, ತಾಯಿ ಮನೆದೇವರ ಋಣ. ಲೆಕ್ಕವೆಲ್ಲ ಒಂದೇ ಮನೆಯೊಳಗೆ ಚುಕ್ತಾ ಆಗುತ್ತದೆ. ಇದನ್ನು ನೀನು ಪ್ರಾಯಶ್ಚಿತ್ತ ಎಂದು ಕರೆದಿದ್ದೀಯ. ಕಾವಲುಗಾರನ ಹೆಂಡತಿ ಪೋಸ್ಟ್‌ಮಾರ್ಟಂ ದಿನ ಎರಡು ಸಾಲಿನಷ್ಟು ಅತ್ತು ಹೋದವಳು, ಮತ್ತೆ ಬರುವುದೇ ಇಲ್ಲ. ಅವಳೂ ಯಾರದೋ ತೋಟದಲ್ಲಿ ಟೊಮೆಟೊ ಬಿಡಿಸುವವಳೇ ಅಲ್ಲವೇ? ಅವಳ ಬಕೆಟ್ಟಿನ ನೀರೂ ಸಂಜೆ ಹಳದಿಯಾಗುತ್ತದೆ. ಅಣ್ಣ ಆ ಅಂಗಳದವರೆಗೆ ಒಮ್ಮೆ ನಡೆದು ಹೋಗಲಿ. ಅವಳು ಕ್ಷಮಿಸಬೇಕಾಗಿಲ್ಲ, ಕ್ಷಮಿಸಿದಳು ಎಂದು ಬರೆದರೆ ಅದಕ್ಕೂ ಗೆರೆ ಎಳೆಯುತ್ತೇನೆ.

ಹಸ್ತಪ್ರತಿಯನ್ನು ಈ ಪತ್ರದ ಜೊತೆಗೇ ಅಂಚೆಗೆ ಹಾಕುತ್ತಿದ್ದೇನೆ. 214 ಪುಟಗಳಲ್ಲಿ ಕಾವಲುಗಾರ ಎಂಬ ಪದ ಬಂದಲ್ಲೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿದ್ದೇನೆ. ಎಲ್ಲಿಯೂ ಅವನಿಗೆ ಹೆಸರಿಲ್ಲ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆ ಬರುತ್ತೇನೆ, ಅಷ್ಟರೊಳಗೆ ಒಂದು ಇಟ್ಟಿರು.

ಇಂತು,
ನಿನ್ನ ಹಿತೈಷಿ