ಭಾನುವಾರದ ಹಾಡಿನ ಕೂಟ: ಈ ಸಲ ಬೋನಿ ಎಂ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ನಮ್ಮ ಮನೆ ಮಹಡಿಯಲ್ಲಿ ಸೇರೋಣ. ಈ ಸಲ ಡಿಸ್ಕೊ ಕಾಲದ ಹಾಡಿನ ತಂಡ ಬೋನಿ ಎಂ. ಇವರ ಕಥೆ ಮಜವಾಗಿದೆ. 1975ರಲ್ಲಿ ಜರ್ಮನಿಯ ಸಂಗೀತ ನಿರ್ಮಾಪಕ ಫ್ರಾಂಕ್ ಫಾರಿಯನ್ ಅವರು ಸ್ಟುಡಿಯೋದಲ್ಲಿ ತಾವೇ ಹಾಡಿ, ಬೋನಿ ಎಂ ಅನ್ನೋ ಹೆಸರಲ್ಲಿ ರೆಕಾರ್ಡ್ ಬಿಟ್ಟರು. ಅದು ಓಡಿತು. ಟಿವಿಯಲ್ಲಿ ತೋರಿಸೋಕೆ ತಂಡವೇ ಇರಲಿಲ್ಲ! ಆಮೇಲೆ ಜನ ಸೇರಿಸಿದರು. 1976ರ ‘ಡ್ಯಾಡಿ ಕೂಲ್’ ಯುರೋಪನ್ನೇ ಕುಣಿಸಿತು. ವೇದಿಕೆಯಲ್ಲಿ ಕುಣಿದವರು ಬಾಬಿ ಫ್ಯಾರೆಲ್, ರೆಕಾರ್ಡಿನ ಗಂಡು ದನಿ ಮಾತ್ರ ಫಾರಿಯನ್ ಅವರದ್ದು.

ಹಳೆ ಕ್ಯಾಸೆಟ್ ಇದ್ದವರು ತನ್ನಿ. ಮೊದಲು ಪೆನ್ಸಿಲ್ ಹಾಕಿ ಟೇಪ್ ಸುತ್ತಿ ನೋಡಿ. ಕಳೆದ ಸಲ ನನ್ನ ಪ್ಲೇಯರ್ ಎರಡು ಟೇಪ್ ನುಂಗಿತ್ತು. ಕುರ್ಚಿ ಆರೇ ಇವೆ, ಉಳಿದವರಿಗೆ ಚಾಪೆ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ಮಂಡಕ್ಕಿ ಎಷ್ಟು ಕಲಸಬೇಕು ಅಂತ ಗೊತ್ತಾಗಬೇಕು, ಅಲ್ವಾ?