ಸುಹಾಸನಿಗೆ, ಹೊಳೆ ದಂಡೆಯ ಹಕ್ಕಿಗಳ ಬಗ್ಗೆ

ಶಿವಮೊಗ್ಗ
ಏಪ್ರಿಲ್, ಭಾನುವಾರ

ಪ್ರೀತಿಯ ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋಗಳನ್ನೆಲ್ಲ ಟೀವಿಗೆ ಹಾಕಿಕೊಂಡು ದೊಡ್ಡಪ್ಪ, ನಾನು ಇಬ್ಬರೂ ನೋಡಿದೆವು. ಶ್ರೀರಂಗಪಟ್ಟಣ ಬಿಟ್ಟು ಬಂದ ಮೇಲೆ ನನಗೆ ಕಾವೇರಿಯನ್ನು ಇಷ್ಟು ಹತ್ತಿರದಿಂದ ತೋರಿಸಿದವನು ನೀನೇ. ಪಶ್ಚಿಮವಾಹಿನಿ, ಸಂಗಮ, ಘೋಸಾಯಿ ಘಾಟ್ ಎಲ್ಲ ಕಣ್ಣಿಗೆ ಕಟ್ಟಿತು. ಮೈಸೂರಿನಲ್ಲಿ ಕೆಲಸ ಸಿಕ್ಕಿದ ಹುಡುಗರು ಭಾನುವಾರ ಹತ್ತು ಗಂಟೆಗೆ ಏಳುತ್ತಾರೆ. ನೀನು ಕತ್ತಲಿರುವಾಗಲೇ ಎದ್ದು ಹೊಳೆಗೆ ಹೋಗುತ್ತಿದ್ದೀಯ. ಅದು ನನಗೆ ತುಂಬಾ ಸಂತೋಷ.

ಮುಂದೆ ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ರೀವ ಹಕ್ಕಿಯ, ಅಂದರೆ ರಿವರ್ ಟರ್ನ್‌ನ, ಎರಡು ಫೋಟೋಗಳ ಬಗ್ಗೆ ಮಾತಾಡಬೇಕು. ಫೋನಿನಲ್ಲಿ ಹೇಳಿದರೆ ಗದರಿದ ಹಾಗೆ ಕೇಳಿಸಬಹುದು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಒಂದರಲ್ಲಿ ಬಂಡೆಯ ಸಂದಿಯ ಮರಳಿನ ಮೇಲೆ ಮೂರು ಮೊಟ್ಟೆ. ಮೊಟ್ಟೆಗಳ ಪಕ್ಕದಲ್ಲೇ ನಿನ್ನ ನೆರಳು ಬಿದ್ದಿದೆ. ಇನ್ನೊಂದರಲ್ಲಿ ರೀವ ಕೊಕ್ಕು ತೆರೆದು ನೇರ ಕ್ಯಾಮೆರಾದ ಕಡೆಗೇ ಎರಗಿ ಬರುತ್ತಿದೆ. ಆಫೀಸಿನಲ್ಲಿ ಎಲ್ಲರೂ ಸೂಪರ್ ಆ್ಯಕ್ಷನ್ ಶಾಟ್ ಅಂದರು ಅಂತ ಬರೆದಿದ್ದೀಯ. ಫೋಕಸ್ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಹಳದಿ ಕೊಕ್ಕು, ಕಪ್ಪು ಟೋಪಿ, ಕೆಂಪು ಕಾಲು, ಕವಲೊಡೆದ ಬಾಲ, ಎಲ್ಲವೂ ಸ್ಪಷ್ಟವಾಗಿ ಬಂದಿದೆ. ಆದರೆ ಆ ಹಕ್ಕಿ ಎರಗಿದ್ದು ನಿನ್ನನ್ನು ಓಡಿಸಲು ಕಣೋ. ನೀನು ಅದರ ಮೊಟ್ಟೆಗಳ ಹತ್ತಿರ ನಿಂತಿದ್ದೆ.

ರೀವ ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ ನೀರಿಳಿದು ಬಂಡೆ, ಮರಳದಿಬ್ಬ ಮೇಲೆದ್ದಾಗ ಅಲ್ಲೇ ಸಣ್ಣ ಕುಳಿ ಮಾಡಿ ಮೊಟ್ಟೆ ಇಡುತ್ತದೆ. ಮೇಲೆ ಸೂರಿಲ್ಲ, ಸುತ್ತ ಮರೆಯಿಲ್ಲ. ಏಪ್ರಿಲ್ ಬಿಸಿಲಿಗೆ ಆ ಬಂಡೆ ಎಷ್ಟು ಕಾಯುತ್ತದೆ ಅಂತ ಬರಿಗಾಲಲ್ಲಿ ನಿಂತವರಿಗೆ ಗೊತ್ತು. ತಾಯಿಯೋ ತಂದೆಯೋ ಮೇಲೆ ಕೂತು ನೆರಳು ಕೊಡುತ್ತಿದ್ದರೆ ಮಾತ್ರ ಒಳಗಿನ ಮರಿ ಬದುಕುತ್ತದೆ. ಚಳಿ ದೇಶದ ಹಕ್ಕಿ ಮೊಟ್ಟೆಗೆ ಶಾಖ ಕೊಡಲು ಕೂತರೆ, ನಮ್ಮ ಹೊಳೆಯ ಹಕ್ಕಿ ಈ ತಿಂಗಳಲ್ಲಿ ಶಾಖ ತಪ್ಪಿಸಲು ಕೂರುತ್ತದೆ. ಟಿಟ್ಟಿಭ ಹಕ್ಕಿಯಂತೂ ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ನೀನು ಹತ್ತು ನಿಮಿಷ ಅಲ್ಲಿ ನಿಂತರೆ ಆ ಹತ್ತು ನಿಮಿಷವೂ ಮೊಟ್ಟೆ ಬಿಸಿಲಲ್ಲಿ. ಕಾಗೆ, ಹದ್ದುಗಳಿಗೆ ಹತ್ತು ನಿಮಿಷವೂ ಬೇಡ. ನೀನು ಹೊರಟ ಮೇಲೆ ಅಲ್ಲಿ ಏನಾಯಿತು ಅಂತ ನಿನ್ನ ಕ್ಯಾಮೆರಾದಲ್ಲಿ ಇಲ್ಲ.

ಇನ್ನೊಂದು ವಿಷಯ ತಿಳಿದಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಏನು ಅಂತ ವಿವರಿಸಿದ್ದಾರೆ. ಹೊಡೆಯುವುದು, ಹಿಡಿಯುವುದು ಮಾತ್ರ ಅಲ್ಲ, ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಅದರಲ್ಲಿ ಸೇರಿದೆ. ನಿನ್ನನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಕೋವಿ ಹಿಡಿದವನನ್ನೂ ಗೂಡು ಕೆದಕುವವನನ್ನೂ ಕಾನೂನು ಒಂದೇ ಸಾಲಿನಲ್ಲಿ ಯಾಕೆ ಇಟ್ಟಿದೆ ಅಂತ ನೀನು ಯೋಚಿಸಬೇಕು. ಮರಳು ತೆಗೆದು, ಅಣೆಕಟ್ಟೆಯ ನೀರು ಹೊತ್ತಿಲ್ಲದ ಹೊತ್ತಲ್ಲಿ ಬಿಟ್ಟು, ನಾಯಿ ನುಗ್ಗಿ ರೀವಗಳಿಗೆ ಮೊದಲೇ ಜಾಗ ಇಲ್ಲದಂತಾಗಿದೆ. ಜಗತ್ತಿನ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲೂ ಅದರ ಹೆಸರಿದೆ. ಹಕ್ಕಿಯನ್ನು ಪ್ರೀತಿಸುವವರೂ ಅದಕ್ಕೆ ಕಾಟವಾದರೆ ಹೇಗೆ, ಅಲ್ವಾ?

ಈಗ ನಿನ್ನ ಕ್ಯಾಮೆರಾದ ವಿಷಯ. ಈಗ ನಿನ್ನ ಹತ್ತಿರ ಇರುವುದು ನಿಕಾನ್ ಪಿ950 ಅಂದಿದ್ದೀಯ. ಅದರ ಜೂಮ್ 83 ಪಟ್ಟು, ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 24ರಿಂದ 2000 ಮಿ.ಮೀ. ಪೂರ್ತಿ ಜೂಮ್ ಮಾಡಿದಾಗ 50 ಮೀಟರ್ ದೂರದಲ್ಲಿ ನಿನ್ನ ಚೌಕಟ್ಟಿನ ಅಗಲ ಸುಮಾರು 90 ಸೆಂ.ಮೀ. ಮಾತ್ರ. ರೀವದ ಉದ್ದ ಹೆಚ್ಚುಕಡಿಮೆ 40 ಸೆಂ.ಮೀ. ಅಂದರೆ 50 ಮೀಟರ್ ಆಚೆ ಈ ದಂಡೆಯ ಮರದಡಿ ಕೂತರೂ ಹಕ್ಕಿ ಚೌಕಟ್ಟಿನ ಅಗಲದಲ್ಲಿ ಸುಮಾರು ಅರ್ಧ ತುಂಬುತ್ತದೆ. ಇಷ್ಟಿರುವಾಗ ಬಂಡೆಯಿಂದ ಬಂಡೆಗೆ ಹಾರಿಕೊಂಡು ಅಲ್ಲಿಗೆ ಯಾಕೆ ಹೋಗಬೇಕು? ಫಿಲ್ಮ್ ಕಾಲದಲ್ಲಿ ಇಂಥ ಜೂಮ್ ಇರಲಿಲ್ಲ. ಗೂಡಿನ ಹತ್ತಿರ ಮರೆ ಕಟ್ಟಿಕೊಂಡು ಕೂತು ತೆಗೆಯುತ್ತಿದ್ದರು. ಇವತ್ತು ಹಲವು ಫೋಟೋ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರ ತೆಗೆದುಕೊಳ್ಳುವುದೇ ಇಲ್ಲ. ಸರಿಯಾದ ತೀರ್ಮಾನ ಅದು.

ಎಷ್ಟು ದೂರ ಅಂತ ಮೀಟರಿನಲ್ಲಿ ಹೇಳುವುದು ಕಷ್ಟ. ಅದನ್ನು ಹಕ್ಕಿಯೇ ಹೇಳುತ್ತದೆ. ಮೇಯುತ್ತಿದ್ದ ಕೊಕ್ಕರೆ ತಲೆ ಎತ್ತಿ ನಿನ್ನನ್ನೇ ನೋಡಿತು ಅಂದರೆ ಅಲ್ಲೇ ನಿಲ್ಲು. ಮತ್ತೆ ತಲೆ ತಗ್ಗಿಸಿ ಮೇಯಲು ಶುರು ಮಾಡಿದರೆ ಇರು. ಒಂದೆರಡು ಹೆಜ್ಜೆ ಆಚೆ ಸರಿಯಿತೋ, ಮೈ ಬಿಗಿಹಿಡಿದು ತೆಳ್ಳಗೆ ನಿಂತಿತೋ, ನೀನು ಹಿಂದೆ ಸರಿಯಬೇಕು. ಟಿಟ್ಟಿಭ ನಿನ್ನ ತಲೆಯ ಮೇಲೆ ಕೂಗುತ್ತಾ ಸುತ್ತಿದರೆ ಹತ್ತಿರದಲ್ಲೇ ಮೊಟ್ಟೆ ಇದೆ ಅಂತ ಅರ್ಥ. ಹುಡುಕಲು ಹೋಗಬೇಡ. ಕಾಲಿಡುವ ಜಾಗ ನೋಡಿಕೊಂಡು ಬಂದ ದಾರಿಯಲ್ಲೇ ವಾಪಸ್ ಬಾ. ಅದರ ಮೊಟ್ಟೆ ಕಲ್ಲಿನ ಬಣ್ಣದಲ್ಲೇ ಇರುತ್ತದೆ, ತುಳಿದ ಮೇಲೇ ಗೊತ್ತಾಗುವುದು.

ಹತ್ತಿರ ಹೋಗುವುದಕ್ಕಿಂತ ಕೂರುವುದು ಒಳ್ಳೆಯದು. ನಡೆಯುವ ಮನುಷ್ಯನಿಗೆ ಹೆದರುವ ಹಕ್ಕಿ ಕೂತ ಮನುಷ್ಯನನ್ನು ಸ್ವಲ್ಪ ಹೊತ್ತಿಗೆ ಮರೆಯುತ್ತದೆ. ಮಿಂಚುಳ್ಳಿಯನ್ನು ನೋಡು. ಅದಕ್ಕೆ ಮೆಚ್ಚಿನ ಕೊಂಬೆ ಒಂದಿರುತ್ತದೆ. ಮೀನು ಹಿಡಿದು ಅಲ್ಲಿಗೇ ಬರುತ್ತದೆ, ಮೀನನ್ನು ಕೊಂಬೆಗೆ ಬಡಿದು ನುಂಗುತ್ತದೆ. ಅದು ಹಾರಿಹೋದಾಗ ಬೆನ್ನಟ್ಟಬೇಡ. ಕೊಂಬೆಗೆ ಫೋಕಸ್ ಇಟ್ಟು ಸುಮ್ನೆ ಕೂತಿರು. ಕಪ್ಪು ಬಿಳಿ ಮಿಂಚುಳ್ಳಿಯ ರೀತಿ ಬೇರೆ. ಅದು ನೀರಿನ ಮೇಲೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ. ಮೈಯೆಲ್ಲ ಅಲುಗಿದರೂ ತಲೆ ಅಲುಗುವುದಿಲ್ಲ. ಆ ಕ್ಷಣದಲ್ಲಿ ನಿನ್ನಂಥ ಕ್ಯಾಮೆರಾಗೂ ಫೋಕಸ್ ಸಿಗುತ್ತದೆ. ಷಟರ್ ವೇಗ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ನಿಧಾನ ಬೇಡ.

ಫೋಟೋ ಮಬ್ಬಾಗುತ್ತದೆ ಅಂತ ಬೇಜಾರು ಮಾಡಿಕೊಂಡಿದ್ದೀಯಲ್ಲ, ಕಾರಣ ಬಹಳ ಸಲ ಬೆಳಕು. ಇಂಥ ಕ್ಯಾಮೆರಾದ ಸೆನ್ಸರ್ ಕಿರುಬೆರಳಿನ ಉಗುರಿನಷ್ಟು. ಪೂರ್ತಿ ಜೂಮಿನಲ್ಲಿ ಲೆನ್ಸ್ ಬಿಡುವ ಬೆಳಕೂ ಕಡಿಮೆ, ಎಫ್ 6.5 ಅಷ್ಟೇ. ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅಂತ ಹೇಳುವ ಐಎಸ್‌ಒ 800 ದಾಟಿದರೆ ಗರಿಗಳ ಗೆರೆಯೆಲ್ಲ ಕಲಸಿಹೋಗುತ್ತದೆ. ಅದಕ್ಕೆ ಸೂರ್ಯ ಬೆನ್ನ ಹಿಂದೆ ಇರುವಂತೆ ದಂಡೆ ಆರಿಸಿಕೋ. ಬೆಳಿಗ್ಗೆ ಪಶ್ಚಿಮಕ್ಕೆ ಮುಖ ಮಾಡಿ ಕೂರುವ ಜಾಗ ಬೇಕು. ಕೂತ ಹಕ್ಕಿಗೆ ಷಟರ್ ವೇಗ ಸೆಕೆಂಡಿನ 1/250ರಿಂದ 1/500ರ ನಡುವೆ ಸಾಕು, ಆದರೆ ಮೊಣಕೈಯನ್ನು ಮಂಡಿಗೋ ಮರಕ್ಕೋ ಊರಿಕೊಂಡಿರಬೇಕು. ಡಿಜಿಟಲ್ ಜೂಮ್ ಮೆನುವಿಗೆ ಹೋಗಿ ಆಫ್ ಮಾಡು. ಅದು ಇದ್ದ ಚಿತ್ರವನ್ನೇ ಹಿಗ್ಗಿಸುತ್ತದೆ, ಹೊಸದಾಗಿ ಏನೂ ತೋರಿಸುವುದಿಲ್ಲ.

ಹತ್ತು ಗಂಟೆಯ ಮೇಲೆ ದೂರದ ಫೋಟೋ ಯಾವ ಕ್ಯಾಮೆರಾದಲ್ಲೂ ಚೆನ್ನಾಗಿ ಬರುವುದಿಲ್ಲ. ಕಾದ ಬಂಡೆಯ ಮೇಲಿನ ಗಾಳಿ ಕುದಿಯುವ ನೀರಿನ ಹಾಗೆ ನಡುಗುತ್ತದೆ. ಲಕ್ಷಗಟ್ಟಲೆ ಬೆಲೆಯ ಲೆನ್ಸಿಗೂ ಅದೇ ಗತಿ. ಆ ಹೊತ್ತಿಗೆ ಮನೆಗೆ ಹೊರಟುಬಿಡು, ಹಕ್ಕಿಗಳಿಗೂ ಬಿಸಿಲಿಗೆ ಆಯಾಸವಾಗಿರುತ್ತದೆ.

ನಿನ್ನ ಬೆಳ್ಳಕ್ಕಿಗಳೆಲ್ಲ ಸುಣ್ಣ ಬಳಿದಂತೆ ಬಂದಿವೆ. ಕಪ್ಪು ನೀರು ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಮಾಡುತ್ತದೆ, ಬಿಳಿ ಗರಿ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರ್ ಅನ್ನು ಮೈನಸ್ 0.7ಕ್ಕೋ 1ಕ್ಕೋ ಇಳಿಸು. ಆಕಾಶದಲ್ಲಿ ಗರುಡ ಹಾರುತ್ತಿದ್ದರೆ ಇದರ ಉಲ್ಟಾ, ಪ್ಲಸ್ 1. ಇಲ್ಲದಿದ್ದರೆ ಆ ಇಟ್ಟಿಗೆ ಬಣ್ಣದ ಬೆನ್ನು ಬರೀ ಕಪ್ಪಾಗಿ ಕಾಣುತ್ತದೆ. ಇನ್ನು ಹಾರುವ ಹಕ್ಕಿಯನ್ನು ಪೂರ್ತಿ ಜೂಮಿನಲ್ಲಿ ಹುಡುಕುವುದು ಆಗದ ಕೆಲಸ. ಜೂಮ್ ಹಿಂದಕ್ಕೆ ತಂದು ಹಕ್ಕಿಯನ್ನು ಚೌಕಟ್ಟಿನೊಳಗೆ ತಂದುಕೋ, ಆಮೇಲೆ ಎಳೆ. ನಡುವೆ ತಪ್ಪಿಹೋದರೆ ಲೆನ್ಸಿನ ಎಡಪಕ್ಕದ ಬಟನ್ ಒತ್ತಿ ಹಿಡಿ, ಜೂಮ್ ತಾನೇ ಹಿಂದೆ ಸರಿದು ಸುತ್ತಲಿನ ಜಾಗ ತೋರಿಸುತ್ತದೆ. ಬಿಟ್ಟರೆ ಮತ್ತೆ ಮುಂದೆ ಹೋಗುತ್ತದೆ.

ಹೀಗಾಗಿ ಹೊಸ ಕ್ಯಾಮೆರಾ ಈಗ ಬೇಡ ಅಂತ ನನ್ನ ಅಭಿಪ್ರಾಯ. ದೊಡ್ಡ ಲೆನ್ಸ್ ಹೊತ್ತವನು ಕಾರು ನಿಲ್ಲಿಸಿದ ಜಾಗ ಬಿಟ್ಟು ಬಹಳ ದೂರ ಹೋಗಲಾರ. ನಿನ್ನದು ಒಂದು ಕೆ.ಜಿ. ತೂಕ, ಕರೀಘಟ್ಟದ ಕಡೆ ಲೋಕಪಾವನಿ ದಂಡೆಯ ಮೇಲೆ ಎಷ್ಟು ಹೊತ್ತು ಬೇಕಾದರೂ ನಡೆಯಬಹುದು. ಆ ದುಡ್ಡಿನಲ್ಲಿ ಒಂದು ಒಳ್ಳೆಯ ದುರ್ಬೀನು ತಗೋ. ಮೊದಲು ಕಣ್ತುಂಬ ನೋಡಿ, ಏನು ಮಾಡುತ್ತಿದೆ ಅಂತ ತಿಳಿದು, ಆಮೇಲೆ ಕ್ಯಾಮೆರಾ ಎತ್ತು.

ತೆಗೆದ ಫೋಟೋವನ್ನು ವಾಟ್ಸ್‌ಆ್ಯಪ್‌ಗೆ ಹಾಕಿ ಮರೆಯಬೇಡ. ದಿನಾಂಕ, ಜಾಗ, ಎಷ್ಟು ಹಕ್ಕಿ ಇದ್ದವು ಅಂತ ಬರೆದು ಹಕ್ಕಿ ದಾಖಲೆಗಳ ಜಾಲತಾಣವಾದ ಇಬರ್ಡ್‌ಗೆ ಸೇರಿಸು. ಫೆಬ್ರುವರಿಯ ಹಕ್ಕಿ ಎಣಿಕೆಯಲ್ಲಿ ನಿನ್ನಂಥವರು ಬರೆದದ್ದೇ ಲೆಕ್ಕಕ್ಕೆ ಬರುವುದು. ಚಳಿಗಾಲದಲ್ಲಿ ಮೈಸೂರಿನ ಹತ್ತಿರದ ಹದಿನಾರು ಅನ್ನುವ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಕೆಲವಕ್ಕೆ ಕೊರಳಲ್ಲಿ ಪಟ್ಟಿ ಇರುತ್ತದೆ, ಮಂಗೋಲಿಯಾದಲ್ಲಿ ಹಾಕಿದ್ದು. ದೂರದಿಂದ ತೆಗೆದ ಫೋಟೋವನ್ನು ಹಿಗ್ಗಿಸಿ ಪಟ್ಟಿಯ ಮೇಲಿನ ಅಕ್ಷರ ಓದಿದರೆ ಆ ಹಕ್ಕಿ ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ಆ ಫೋಟೋ ಚಂದ ಇರಬೇಕಾಗಿಲ್ಲ, ಅಕ್ಷರ ಕಂಡರೆ ಸಾಕು. ಆದರೆ ಗೂಡಿರುವ ಜಾಗವನ್ನು ಮಾತ್ರ ಯಾರಿಗೂ ಹೇಳಬೇಡ, ಆಫೀಸಿನ ಗೆಳೆಯರಿಗೂ. ಒಬ್ಬ ಹೋದರೆ ಮುಂದಿನ ವಾರ ಹತ್ತು ಜನ ಹೋಗುತ್ತಾರೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವುದೂ ಬೇಡ. ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿತು ಅಂದುಕೊಂಡು ಅದು ಮೇಯುವುದು ಬಿಟ್ಟು ಜಗಳಕ್ಕೆ ಬರುತ್ತದೆ.

ಹೊಳೆಗೆ ಇಳಿಯುವ ವಿಷಯದಲ್ಲಿ ನನ್ನ ಮಾತು ಮೀರಬೇಡ. ಕನ್ನಂಬಾಡಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕೆಳಗೆ ಒಮ್ಮೆಲೇ ಏರುತ್ತದೆ, ನಡುಬಂಡೆಯಲ್ಲಿ ನಿಂತವನಿಗೆ ಹಿಂದಿರುಗುವ ದಾರಿ ಇರುವುದಿಲ್ಲ. ರಂಗನತಿಟ್ಟಿನ ಬಂಡೆಗಳ ಮೇಲೆ ಮೊಸಳೆ ಮಲಗುವುದನ್ನು ನೀನೇ ನೋಡಿದ್ದೀಯ. ಮೊಸಳೆಗೆ ಪಕ್ಷಿಧಾಮದ ಗಡಿ ಗೊತ್ತಿಲ್ಲ. ಕಣ್ಣು ವ್ಯೂಫೈಂಡರಿನಲ್ಲಿದ್ದಾಗ ಕಾಲು ಅಲುಗಿಸಬೇಡ.

ರಂಗನತಿಟ್ಟು ಅಂದಾಗ ನೆನಪಾಯಿತು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರು ಮೈಸೂರು ಮಹಾರಾಜರಿಗೆ ಹೇಳಿ ಅದನ್ನು ಪಕ್ಷಿಧಾಮ ಮಾಡಿಸಿದರು. 2022ರಲ್ಲಿ ಅದು ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿ ದೋಣಿಯಲ್ಲಿ ಕೂತೇ ಬಣ್ಣದ ಕೊಕ್ಕರೆ, ಚಮಚ ಕೊಕ್ಕುಗಳನ್ನು ಎಷ್ಟು ಹತ್ತಿರದಿಂದ ನೋಡುತ್ತೇವೆ! ಅಷ್ಟು ವರ್ಷ ಯಾರೂ ಆ ದಿಬ್ಬಗಳ ಮೇಲೆ ಕಾಲಿಡದೆ ಕಾಯ್ದದ್ದರಿಂದ ಅವಕ್ಕೆ ಆ ಧೈರ್ಯ ಬಂದಿದೆ. ನೀನು ಹೋಗುವ ದಂಡೆಗೆ ಕಾವಲುಗಾರರಿಲ್ಲ, ಅಲ್ಲಿ ನೀನೇ ಕಾಯಬೇಕು.

ಈಗ ನೀನು ಒಂದು ಕೆಲಸ ಮಾಡು. ಮಳೆ ಹಿಡಿದು ನೀರು ಏರುವವರೆಗೆ ಆ ರೀವಗಳ ಬಂಡೆಗೆ ಹೋಗಬೇಡ. ದಂಡೆಯಿಂದಲೇ ದುರ್ಬೀನಿನಲ್ಲಿ ನೋಡು. ಹಕ್ಕಿ ಮೊಟ್ಟೆಯ ಮೇಲೆ ಕೂತಿದ್ದರೆ ನನಗೊಂದು ಮೆಸೇಜ್ ಹಾಕು, ಕಾಯುತ್ತಿರುತ್ತೇನೆ.

ರಜೆ ಸಿಕ್ಕಿದರೆ ಈ ತಿಂಗಳೊಳಗೆ ಇಲ್ಲಿಗೇ ಬಾ. ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರು ಇಳಿದು ನಡುಗಡ್ಡೆಗಳು ಎದ್ದಿವೆ. ಅಲ್ಲಿ ರೀವಗಳು ನೂರಾರು ಸಂಖ್ಯೆಯಲ್ಲಿ ಮರಿ ಮಾಡುತ್ತವೆ. ದೋಣಿಯವರು ಗಡ್ಡೆಗೆ ಇಳಿಸುವುದಿಲ್ಲ, ಇಳಿಸಬಾರದು ಕೂಡ. ದೋಣಿ ಅಲುಗುತ್ತಿರುತ್ತದೆ, ಹಾಗಾಗಿ ಷಟರ್ ವೇಗ ಜಾಸ್ತಿ ಇಟ್ಟುಕೊಳ್ಳಬೇಕು. ಇನ್ನೊಂದು ಬ್ಯಾಟರಿ ತರುವುದನ್ನು ಮರೆಯಬೇಡ. ಬಿಸಿಲಿಗೆ ಟೋಪಿ ಇಲ್ಲೇ ಇದೆ, ದೊಡ್ಡಪ್ಪನದು. ಬಸ್ ಯಾವುದು ಅಂತ ಹಿಂದಿನ ದಿನವೇ ತಿಳಿಸು.

ನಿನ್ನ ಪ್ರೀತಿಯ
ದೊಡ್ಡಮ್ಮ